ಅಣೆಕಟ್ಟು ಎದ್ದು ನಿಂತಿತು, ಮನೆಗೆ ಕರೆಂಟ್ ಬಂತೇ? ಸರ್ಕಾರಿ ಮಹಾಯೋಜನೆಗಳ ಬಗ್ಗೆ ಒಂದು ಚರ್ಚೆ

ತಾಮ್ರದತಂತಿ · ಬೆಳಿಗ್ಗೆ 8:40

ಇಥಿಯೋಪಿಯಾ ನೀಲಿ ನೈಲ್ ನದಿಗೆ ಕಟ್ಟಿದ ಅಣೆಕಟ್ಟು 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯ್ತು. 2011ರಲ್ಲಿ ಶುರುವಾದ ಕೆಲಸ. 5,150 ಮೆಗಾವಾಟ್, ಆಫ್ರಿಕಾದಲ್ಲೇ ಅತಿ ದೊಡ್ಡ ಜಲವಿದ್ಯುತ್ ಸ್ಥಾವರ. ಸರ್ಕಾರ ತನ್ನ ಜನರಿಗೇ ಬಾಂಡ್ ಮಾರಿ ದುಡ್ಡು ಎತ್ತಿತು. ಆ ಛಲ ಮೆಚ್ಚಬೇಕಾದ್ದೇ. ಆದರೆ ಅದೇ ದೇಶದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರ ಮನೆಗೆ ಇನ್ನೂ ಕರೆಂಟ್ ಇಲ್ಲ. ಅಣೆಕಟ್ಟಿನಿಂದ ಅವರ ಮನೆವರೆಗೆ ಲೈನ್ ಎಳೆಯಬೇಕು, ಸಬ್‌ಸ್ಟೇಷನ್ ಕಟ್ಟಬೇಕು, ಕಂಬ ನೆಡಬೇಕು. ಉದ್ಘಾಟನೆಯ ದಿನ ಈ ಬಾಕಿ ಕೆಲಸದ ಮಾತು ಯಾರ ಬಾಯಲ್ಲೂ ಬರುವುದಿಲ್ಲ.

ನನ್ನ ಪ್ರಶ್ನೆ ಇಷ್ಟು. ಸರ್ಕಾರಗಳು ಮುಂದೆ ನಿಂತು ಕಟ್ಟುವ ಇಂಥ ಭಾರೀ ಯೋಜನೆಗಳು ಜನರ ನಿಜವಾದ ಅಗತ್ಯ ತೀರಿಸುತ್ತವೆಯೇ? ನಾವು ಲೆಕ್ಕವನ್ನು ಯಾವಾಗಲೂ ಟರ್ಬೈನ್ ಹತ್ತಿರ ನಿಂತು ಹಾಕುತ್ತೇವೆ. ಅಗತ್ಯ ಇರುವುದು ಮನೆಯ ಸ್ವಿಚ್ ಹತ್ತಿರ. ಇವೆರಡರ ನಡುವಿನ ದೂರ ಎಷ್ಟು ಅಂತ ತಿಳಿದವರು ಹೇಳಿ.

ಫ್ರೀಕ್ವೆನ್ಸಿ50 · 9:05

ಲೋಡ್ ಡಿಸ್‌ಪ್ಯಾಚ್ ಸೆಂಟರ್‌ನಲ್ಲಿ 28 ವರ್ಷ ಕೂತವನು ನಾನು, ಈಗ ನಿವೃತ್ತ. ಕರೆಂಟಿನ ಬೇಡಿಕೆ, ಪೂರೈಕೆ ಸರಿದೂಗಿಸುವ ಕೇಂದ್ರ ಅದು. "ಟರ್ಬೈನ್ ಹತ್ತಿರ ಲೆಕ್ಕ" ಅಂದಿರಿ. ಆ ಲೆಕ್ಕ ಅಲ್ಲಿ ಸರಿ ಇಲ್ಲದಿದ್ದರೆ ಸ್ವಿಚ್ ಹತ್ತಿರ ಏನೂ ಇರುವುದಿಲ್ಲ ಸಾರ್.

ಸಂಜೆ ಪಾಳಿ ಹೇಗಿರುತ್ತೆ ಹೇಳ್ತೀನಿ. ಸೋಲಾರ್ ಇಳೀತಾ ಬರುತ್ತೆ, ಅದೇ ಹೊತ್ತಿಗೆ ಎಲ್ಲ ಮನೆಗಳ ದೀಪ ಹತ್ತುತ್ತೆ. ಎದುರಿನ ಪರದೆ ಮೇಲೆ ಕರೆಂಟಿನ ಫ್ರೀಕ್ವೆನ್ಸಿ, ಬೇಡಿಕೆ ಹೆಚ್ಚಾದರೆ ಇಳಿಯೋ ಅಂಕಿ, 50.00 ಇದ್ದದ್ದು 49.93 ಆಗುತ್ತೆ, 49.88 ಆಗುತ್ತೆ. ರೂಮಲ್ಲಿ ಯಾರೂ ಮಾತಾಡಲ್ಲ. ಫೋನ್ ಎತ್ತಿ ಜಲವಿದ್ಯುತ್ ಸ್ಥಾವರಕ್ಕೆ "ಮೂರನೇ ಯೂನಿಟ್ ತಗೊಳ್ಳಿ", ಮೂರನೇ ಯಂತ್ರ ಓಡಿಸಿ ಅಂದರೆ ಕೆಲವೇ ನಿಮಿಷದಲ್ಲಿ ಅಂಕಿ ಮೇಲೇರುತ್ತೆ. ತಣ್ಣಗಾದ ಕಲ್ಲಿದ್ದಲ ಸ್ಥಾವರ ಎಬ್ಬಿಸೋಕೆ ಗಂಟೆಗಟ್ಟಲೆ ಬೇಕು. ವೇಲ್ಸ್‌ನ ಡಿನಾರ್ವಿಗ್‌ನಲ್ಲಿ ಬೆಟ್ಟದ ಹೊಟ್ಟೆಯೊಳಗೆ ಕಟ್ಟಿದ ಪಂಪ್ಡ್ ಸ್ಟೋರೇಜ್ ಸ್ಥಾವರ ಇದೆ, 1984ರದ್ದು. ಹೆಚ್ಚುವರಿ ಕರೆಂಟಲ್ಲಿ ನೀರನ್ನು ಮೇಲಕ್ಕೆ ಎತ್ತಿಟ್ಟು, ಬೇಕಾದಾಗ ಕೆಳಗೆ ಬಿಟ್ಟು ಕರೆಂಟ್ ಮಾಡೋದು. ತಯಾರಾಗಿ ತಿರುಗುತ್ತಿದ್ದರೆ ಕಾಲು ನಿಮಿಷದಲ್ಲಿ 1,300 ಮೆಗಾವಾಟ್ ಕೊಡುತ್ತೆ. ಕಟ್ಟಿದ್ದು ಆಗಿನ ಸರ್ಕಾರಿ ವಿದ್ಯುತ್ ಮಂಡಳಿ. ಅವತ್ತು ರಾತ್ರಿ ಹೊತ್ತಿನ ಹೆಚ್ಚುವರಿ ಕರೆಂಟ್ ಇಟ್ಟುಕೊಳ್ಳೋಕೆ ಅಂತ ಕಟ್ಟಿದ್ದು, ಇವತ್ತು ಗಾಳಿ ವಿದ್ಯುತ್ತಿನ ಏರಿಳಿತಕ್ಕೆ ಆಸರೆ. ಮುಂದಿನ ವರ್ಷದ ಲಾಭ ನೋಡುವ ಕಂಪನಿ ಯಾವತ್ತಾದರೂ ಅದನ್ನು ಕಟ್ಟುತ್ತಿತ್ತೇ?

ಲೆಕ್ಕದಪುಸ್ತಕ · 9:31

"ಲಾಭ ನೋಡುವ ಕಂಪನಿ" ಕಟ್ಟುವುದಿಲ್ಲ ಅನ್ನುವುದನ್ನೇ ನೀವು ಯೋಜನೆಯ ಪರವಾದ ವಾದ ಮಾಡಿಕೊಂಡಿದ್ದೀರಿ. ಕಂಪನಿ ಯಾಕೆ ಕಟ್ಟುವುದಿಲ್ಲ? ಲೆಕ್ಕ ಕೂಡುವುದಿಲ್ಲ, ಅದಕ್ಕೆ. ಆಕ್ಸ್‌ಫರ್ಡ್ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. 65 ದೇಶಗಳಲ್ಲಿ 1934ರಿಂದ 2007ರ ನಡುವೆ ಕಟ್ಟಿದ 245 ದೊಡ್ಡ ಅಣೆಕಟ್ಟುಗಳ ಲೆಕ್ಕ ತೆಗೆದರು. ನಿಜವಾದ ವೆಚ್ಚ ಅಂದಾಜಿಗಿಂತ 96% ಹೆಚ್ಚು. ಹತ್ತರಲ್ಲಿ ಎಂಟು ತಡವಾಗಿ ಮುಗಿದವು. ಸರ್ಕಾರ ನೂರು ಅಂತ ಹೇಳಿ ಇನ್ನೂರು ತೆಗೆದುಕೊಳ್ಳುತ್ತದೆ. ಆ ಹೆಚ್ಚಿನ ನೂರರಲ್ಲಿ ಎಷ್ಟು ಆಸ್ಪತ್ರೆ, ಎಷ್ಟು ಶಾಲೆ ಆಗುತ್ತಿತ್ತು ಅಂತ ಯಾರೂ ಕೇಳುವುದಿಲ್ಲ.

ಗಟ್ಟಿಕಲ್ಲು · 9:44

96% ಅನ್ನೋ ಅಂಕಿ ಹಿಡಿದು ಎಲ್ಲ ಕಡೆ ಹೆದರಿಸ್ತಾರೆ. ಅದು ಸರಾಸರಿ ಸ್ವಾಮಿ. ಅದೇ ಅಧ್ಯಯನದಲ್ಲಿ ಮೀಡಿಯನ್, ಅಂದರೆ ಎಲ್ಲವನ್ನೂ ಸಾಲಾಗಿ ನಿಲ್ಲಿಸಿದರೆ ನಡುವೆ ಬರುವ ಮಧ್ಯಾಂಕ, 27% ಅಂತ ಇದೆ. ಅದನ್ನು ಯಾಕೆ ಬಿಟ್ರಿ? ನಾಲ್ಕಾರು ಯೋಜನೆ ಹಳ್ಳ ಹಿಡಿದರೆ ಸರಾಸರಿ ಆಕಾಶಕ್ಕೆ ಹೋಗುತ್ತೆ. ಅಮೆರಿಕದ ಹೂವರ್ ಅಣೆಕಟ್ಟು ಗಡುವಿಗಿಂತ ಮುಂಚೆಯೇ ಮುಗೀತು, ಅದನ್ನೂ ಹೇಳಿ.

ಬಾಂಗ್ಲಾದೇಶದ ಪದ್ಮಾ ಸೇತುವೆ ನೋಡಿ. ಭ್ರಷ್ಟಾಚಾರದ ಆರೋಪ ಅಂತ ವಿಶ್ವಬ್ಯಾಂಕ್ 2012ರಲ್ಲಿ 120 ಕೋಟಿ ಡಾಲರ್ ಸಾಲ ರದ್ದು ಮಾಡ್ತು. ಸ್ವಂತ ದುಡ್ಡಲ್ಲಿ ಕಟ್ಟಿ 2022ರ ಜೂನ್‌ನಲ್ಲಿ ತೆರೆದರು. 6.15 ಕಿಲೋಮೀಟರ್. ದೋಣಿ ಕಾಯ್ತಾ ದಡದಲ್ಲಿ ಗಂಟೆಗಟ್ಟಲೆ ನಿಲ್ಲುತ್ತಿದ್ದ ಲಾರಿಗಳನ್ನು ಕೇಳಿ, ಅಗತ್ಯ ಇತ್ತೋ ಇಲ್ಲವೋ ಅಂತ.

ಇನ್ನೂ ದೊಡ್ಡ ಉದಾಹರಣೆ ಬೇಕಾ? ಈಜಿಪ್ಟಿನಲ್ಲಿ ನೈಲ್ ನದಿಗೆ ಕಟ್ಟಿದ ಆಸ್ವಾನ್ ಅಣೆಕಟ್ಟು. 1984-85ರ ಬರದಲ್ಲಿ ಇಥಿಯೋಪಿಯಾದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಅದೇ ನದಿಯ ಕೆಳಗಿನ ಈಜಿಪ್ಟ್ ಉಪವಾಸ ಬೀಳಲಿಲ್ಲ. ಯಾಕೆ? ಅಣೆಕಟ್ಟು ಇತ್ತು. ಮುಗೀತು.

ಮೆಕ್ಕಲುಮಣ್ಣು · 10:02

"ಮುಗೀತು" ಅಂದರೆ ಮುಗಿಯುವುದಿಲ್ಲ. ಆಸ್ವಾನ್ ಹೆಸರು ತೆಗೆದಿರಿ, ಹಾಗಾದರೆ ಪೂರ್ತಿ ಹೇಳಿ.

ನೈಲ್ ನದಿ ವರ್ಷಕ್ಕೆ ಹತ್ತು ಕೋಟಿ ಟನ್ನಿಗೂ ಹೆಚ್ಚು ಮೆಕ್ಕಲು ಹೊತ್ತು ತರುತ್ತಿತ್ತು. ಸಾವಿರಾರು ವರ್ಷ ಆ ದೇಶ ಅದರ ಮೇಲೆ ಬದುಕಿತು. 1902ರ ಹಳೇ ಅಣೆಕಟ್ಟಿಗೆ ಬಾಗಿಲುಗಳಿದ್ದವು, ಪ್ರವಾಹದ ಹೊತ್ತಿಗೆ ತೆರೆದರೆ ಕೆಂಪು ನೀರು ಮಣ್ಣಿನ ಸಮೇತ ಕೆಳಗೆ ಹೋಗುತ್ತಿತ್ತು. 1970ರಲ್ಲಿ ಮುಗಿದ ಹೊಸ ಅಣೆಕಟ್ಟು ಎಲ್ಲವನ್ನೂ ತಡೆದು ನಿಲ್ಲಿಸಿತು. ಮುಖಜಭೂಮಿಯ ಕರಾವಳಿಯನ್ನು ಸಮುದ್ರ ತಿನ್ನುತ್ತಿದೆ. ಅಲ್ಲಿನ ಭೂತಾಯಿ ಮೀನಿನ ಹಿಡುವಳಿ 1962ರಲ್ಲಿ ಸುಮಾರು 18,000 ಟನ್ ಇದ್ದದ್ದು ಆ ದಶಕದ ಕೊನೆಗೆ ಕೆಲವೇ ನೂರು ಟನ್ನಿಗೆ ಬಂತು.

ಇನ್ನೊಂದು ಸಂಗತಿ. ಅಲ್ಲಿ ಇಟ್ಟಿಗೆ ಸುಡುವವರು ಪ್ರತಿ ವರ್ಷ ನದಿ ತಂದು ಹಾಕಿದ ಮೆಕ್ಕಲಿನಿಂದಲೇ ಇಟ್ಟಿಗೆ ಮಾಡುತ್ತಿದ್ದರು. ಮೆಕ್ಕಲು ನಿಂತ ಮೇಲೆ ಏನು ಮಾಡಿದರು? ರೈತರ ಹೊಲದ ಮೇಲ್ಮಣ್ಣನ್ನೇ ಕೊಂಡು ಕೆರೆದು ಗೂಡಿಗೆ ಹಾಕಿದರು. ಅದನ್ನು ನಿಷೇಧಿಸಲು 1980ರ ದಶಕದಲ್ಲಿ ಕಾನೂನೇ ತರಬೇಕಾಯಿತು. ಅಣೆಕಟ್ಟಿನ ಯೋಜನಾ ವರದಿಯಲ್ಲಿ ಈ ಖರ್ಚು ಯಾವ ಕಾಲಂನಲ್ಲಿದೆ?

ಗಟ್ಟಿಕಲ್ಲು · 10:10

ಮೀನು! ಬರಗಾಲದಲ್ಲಿ ಉಳಿದ ಕೋಟ್ಯಂತರ ಜೀವಗಳ ಮುಂದೆ ಮೀನಿನ ಲೆಕ್ಕ ತರ್ತೀರಲ್ಲ, ನಿಮಗೆ ಮನಸ್ಸಾದರೂ ಹೇಗೆ ಬರುತ್ತೆ? ಅಷ್ಟಕ್ಕೂ ಆ ಹಿಡುವಳಿ 1990ರ ದಶಕದಲ್ಲಿ ಮತ್ತೆ ಚೇತರಿಸಿಕೊಂಡಿತು. ಅದನ್ನು ಹೇಳಲಿಲ್ಲ ನೀವು.

ಮೆಕ್ಕಲುಮಣ್ಣು · 10:19

ಚೇತರಿಸಿಕೊಂಡಿದ್ದು ಹೇಗೆ ಅಂತಲೂ ಹೇಳಿ. ಹೊಲಗಳಿಂದ ಹರಿದ ರಾಸಾಯನಿಕ ಗೊಬ್ಬರ, ನಗರಗಳ ಕೊಳಚೆ ಸಮುದ್ರ ಸೇರಿ ಮೀನಿಗೆ ಮೇವಾಯಿತು ಅಂತ ಅಧ್ಯಯನ ಮಾಡಿದವರು ಹೇಳುತ್ತಾರೆ. ನದಿಯ ಮೆಕ್ಕಲು ಮಾಡುತ್ತಿದ್ದ ಕೆಲಸವನ್ನು ಕೊಳಚೆ ಮಾಡುತ್ತಿದೆ. ಇದನ್ನು ಗೆಲುವು ಅಂತ ಕರೆಯುತ್ತೀರಾ?

ಇಟ್ಟಿಗೆಯ ಮಾತಿಗೆ ನೀವು ಉತ್ತರ ಕೊಟ್ಟಿಲ್ಲ.

ಫ್ರೀಕ್ವೆನ್ಸಿ50 · 10:37

ಕರಾವಳಿ ಕೊರೆತ ಪೂರ್ತಿ 1970ರ ಅಣೆಕಟ್ಟಿನ ತಲೆಗೆ ಕಟ್ಟೋದು ಸರಿಯಲ್ಲ. ನೈಲ್ ಸಮುದ್ರ ಸೇರುವ ಕಡೆಯ ರೊಸೆಟ್ಟಾ ಭೂಶಿರ ಅದಕ್ಕೆ ಎಷ್ಟೋ ದಶಕ ಮುಂಚೆಯೇ ಹಿಂದೆ ಸರಿಯೋಕೆ ಶುರುವಾಗಿತ್ತು. ಕರೆಂಟಿನ ಮಾತಾಡಿ. 175 ಮೆಗಾವಾಟಿನ 12 ಯಂತ್ರ, ಒಟ್ಟು 2,100. 1970ರ ದಶಕದಲ್ಲಿ ಇಡೀ ಈಜಿಪ್ಟಿನ ವಿದ್ಯುತ್ತಿನಲ್ಲಿ ಅರ್ಧದಷ್ಟು ಒಂದೇ ಜಾಗದಿಂದ ಬರುತ್ತಿತ್ತು.

ಲೆಕ್ಕದಪುಸ್ತಕ · 10:45

"1970ರ ದಶಕದಲ್ಲಿ." ಈಗ? ಹತ್ತಕ್ಕೆ ಒಂದು ಪಾಲೂ ಇಲ್ಲ.

ಫ್ರೀಕ್ವೆನ್ಸಿ50 · 10:52

ಬೇಡಿಕೆ ಬೆಳೆದಿದ್ದಕ್ಕೆ ಪಾಲು ಇಳೀತು. ಯಂತ್ರ ಇವತ್ತೂ ಓಡ್ತಿದೆ. ಮಗು ಬೆಳೆದು ಅಂಗಿ ಚಿಕ್ಕದಾದರೆ ಹೊಲಿದವನ ತಪ್ಪೇ?

ಮುಳುಗಡೆಮನೆ · 11:08

ಇಷ್ಟು ಹೊತ್ತು ಓದ್ತಾ ಬಂದೆ. ಮೀನಿನ ಲೆಕ್ಕ ಬಂತು, ಇಟ್ಟಿಗೆ ಲೆಕ್ಕ ಬಂತು, ಮೆಗಾವಾಟ್ ಬಂತು. ಆಸ್ವಾನ್ ಅಣೆಕಟ್ಟಿಗೆ ಮನೆ ಕಳಕೊಂಡ ನೂಬಿಯಾದ ಜನ ಎಲ್ಲಿ? ಈಜಿಪ್ಟಿನ ಕಡೆ ಸುಮಾರು 50,000, ಸುಡಾನಿನ ಕಡೆ ಸುಮಾರು ಅಷ್ಟೇ. 1963-64ರಲ್ಲಿ ನದಿ ದಡದಿಂದ ಎಬ್ಬಿಸಿ ದೂರದ ಕಾಲೊನಿಗಳಿಗೆ ಸಾಗಿಸಿದರು. ಅಬು ಸಿಂಬೆಲ್ ದೇವಾಲಯದ ಕಲ್ಲುಗಳನ್ನು ಗರಗಸದಲ್ಲಿ ಕೊಯ್ದು, ನಂಬರ್ ಹಾಕಿ, ಎತ್ತರದಲ್ಲಿ ಮತ್ತೆ ಜೋಡಿಸೋಕೆ ಲೋಕವೆಲ್ಲ ದುಡ್ಡು ಕೊಟ್ಟಿತು. ಮನುಷ್ಯರಿಗೆ ಅಷ್ಟು ಮುತುವರ್ಜಿ ಸಿಗಲಿಲ್ಲ.

ನಾನು ಓದಿ ತಿಳಿದು ಇದನ್ನು ಬರೀತಿಲ್ಲ. ನಮ್ಮದೂ ಮುಳುಗಡೆ ಮನೆ. ಯಾವ ಯೋಜನೆ, ಯಾವ ಇಲಾಖೆ ಅಂತ ಹೇಳೋದಿಲ್ಲ. ನಮ್ಮಜ್ಜ ಹಳೇ ಮನೆಯ ಬಾಗಿಲ ಚೌಕಟ್ಟನ್ನು ಬಿಚ್ಚಿ ಗಾಡಿ ಮೇಲೆ ತಂದಿದ್ದರು. ಪುನರ್ವಸತಿ ಕಾಲೊನಿಯ ಮನೆಗೆ ಅದು ಹೊಂದಲಿಲ್ಲ. ಎತ್ತರ ಹೆಚ್ಚು, ಅಗಲ ಹೆಚ್ಚು. ಕೊಯ್ದು ಸಣ್ಣದು ಮಾಡೋಣ ಅಂದರೆ ಒಪ್ಪಲಿಲ್ಲ. ಅವರು ಇರೋವರೆಗೂ ಅದು ಹಿಂದಿನ ಗೋಡೆಗೆ ಒರಗಿಕೊಂಡೇ ಇತ್ತು, ಮಳೆಗೆ ಬುಡ ಕೊಳೆತು ಹೋಯ್ತು. ಅಣೆಕಟ್ಟಿನ ಕರೆಂಟ್ ಹೊತ್ತ ದೊಡ್ಡ ಲೈನ್ ಕಾಲೊನಿಯ ಪಕ್ಕದಲ್ಲೇ ಹೋಗುತ್ತಿತ್ತು. ನಮ್ಮ ಮನೆಗೆ ದೀಪ ಬಂದಿದ್ದು ಒಂಬತ್ತು ವರ್ಷದ ಮೇಲೆ.

ಗಟ್ಟಿಕಲ್ಲು · 11:20

ನಿಮ್ಮಜ್ಜನ ವಿಷಯಕ್ಕೆ ಬೇಜಾರಾಯ್ತು ಅಕ್ಕಾ, ನಿಜವಾಗಿ ಹೇಳ್ತಿದ್ದೀನಿ. ಆದರೆ "ಒಂಬತ್ತು ವರ್ಷದ ಮೇಲೆ" ಅಂದರೂ ಬಂತಲ್ಲ? ಅಣೆಕಟ್ಟೇ ಇಲ್ಲದಿದ್ದರೆ?

ಮುಳುಗಡೆಮನೆ · 11:23

ಅಕ್ಕಾ ಅಂತ ಕರೆದು ಈ ಮಾತು ಹೇಳಬೇಡಿ. ಅಣೆಕಟ್ಟೇ ಇಲ್ಲದಿದ್ದರೆ ನಮ್ಮ ಹೊಲ ಇರ್ತಿತ್ತು. ಮನೆ ಕಳಕೊಂಡವರು ಕೊನೆಗೆ ಸಿಕ್ಕಿದ್ದಕ್ಕೆ ಕೈಮುಗಿದು ಸುಮ್ಮನಿರಬೇಕು ಅನ್ನೋ ಈ ಮಾತನ್ನ ಚಿಕ್ಕಂದಿನಿಂದ ಕೇಳ್ತಾ ಬಂದಿದೀನಿ. ಸಾಕಾಗಿದೆ.

ತಾಮ್ರದತಂತಿ · 11:41

ಮುಳುಗಡೆಮನೆ ಅವರು ಹೇಳಿದ್ದೇ ನನ್ನ ಮೂಲ ಪ್ರಶ್ನೆ. ಆಸ್ವಾನ್ ಬಿಟ್ಟು ಸ್ವಲ್ಪ ಇತ್ತ ಬನ್ನಿ.

ಆಫ್ರಿಕಾದ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಲ್ಲಿ, ಕಾಂಗೋ ನದಿಯ ಮೇಲೆ ಇಂಗಾ ಅಂತ ಜಾಗ ಇದೆ. 1972ರಲ್ಲಿ ಮೊದಲನೆಯ ಅಣೆಕಟ್ಟು, 1982ರಲ್ಲಿ ಎರಡನೆಯದು. ಅಲ್ಲಿಂದ ದೇಶದ ಇನ್ನೊಂದು ತುದಿಯ ತಾಮ್ರದ ಗಣಿಗಳಿಗೆ ಸುಮಾರು 1,700 ಕಿಲೋಮೀಟರ್ ಲೈನ್ ಎಳೆದರು. ಆ ತಂತಿಯ ಕೆಳಗೆ ಹಳ್ಳಿ ಮೇಲೆ ಹಳ್ಳಿ. ಒಂದಕ್ಕೂ ಕರೆಂಟ್ ಇಳಿಯಲಿಲ್ಲ. ಇವತ್ತಿಗೂ ಆ ದೇಶದಲ್ಲಿ ಐದು ಜನರಲ್ಲಿ ಒಬ್ಬರಿಗಷ್ಟೇ ವಿದ್ಯುತ್ ಇದೆ. ಅಗತ್ಯ ಇತ್ತು, ಸುಳ್ಳಲ್ಲ. ಆದರೆ ಅದು ಗಣಿಯ ಅಗತ್ಯ.

ಫ್ರೀಕ್ವೆನ್ಸಿ50 · 11:55

"ಒಂದಕ್ಕೂ ಇಳಿಯಲಿಲ್ಲ" ಅಂತ ಬರೆಯೋ ಮುಂಚೆ ಆ ಲೈನ್ ಎಂಥದ್ದು ಅಂತ ತಿಳ್ಕೋಬೇಕು. ಅದು ಡಿಸಿ ಲೈನ್, ಏಕಮುಖ ವಿದ್ಯುತ್ ಹರಿಸುವ ಹೈ ವೋಲ್ಟೇಜ್ ಮಾರ್ಗ. ದಾರಿ ಮಧ್ಯೆ ಟ್ರಾನ್ಸ್‌ಫಾರ್ಮರ್ ಇಟ್ಟು ಊರಿಗೆ ಕರೆಂಟ್ ಇಳಿಸೋಕೆ ಆಗಲ್ಲ. ಒಂದೊಂದು ಇಳಿತಾಣಕ್ಕೂ ದೊಡ್ಡ ಕನ್ವರ್ಟರ್ ಸ್ಟೇಷನ್ ಬೇಕು, ಅದರ ಖರ್ಚು ಒಂದು ಸಣ್ಣ ವಿದ್ಯುತ್ ಸ್ಥಾವರದಷ್ಟಾಗುತ್ತೆ. ಅಷ್ಟು ದೂರಕ್ಕೆ ನಷ್ಟ ಕಡಿಮೆ ಮಾಡೋಕೆ ಡಿಸಿಯೇ ಸರಿ. ಇಂಜಿನಿಯರ್‌ಗಳು ತಪ್ಪು ಮಾಡಲಿಲ್ಲ.

ತಾಮ್ರದತಂತಿ · 12:04

ಇಂಜಿನಿಯರ್‌ಗಳು ತಪ್ಪು ಮಾಡಿದರು ಅಂತ ನಾನೆಲ್ಲಿ ಹೇಳಿದೆ? ದಾರಿಯಲ್ಲಿ ಇಳಿಸಲಾಗದ ಲೈನನ್ನೇ ಆರಿಸಿಕೊಂಡರು, ಯಾಕಂದರೆ ದಾರಿಯಲ್ಲಿ ಇಳಿಸುವ ಉದ್ದೇಶವೇ ಇರಲಿಲ್ಲ. ನೀವು ನನ್ನ ಮಾತನ್ನೇ ಇನ್ನಷ್ಟು ಗಟ್ಟಿ ಮಾಡಿದಿರಿ.

ಫ್ರೀಕ್ವೆನ್ಸಿ50 · 12:09

ಇಲ್ಲ. ನಾನು ಹೇಳಿದ್ದು ತಾಂತ್ರಿಕ ಕಾರಣ. ಉದ್ದೇಶ ನೀವು ಸೇರಿಸಿದ್ದು.

ಲೆಕ್ಕದಪುಸ್ತಕ · 12:30

ಫಿಲಿಪೀನ್ಸ್ ಬಟಾನ್ ಅಣುಸ್ಥಾವರ ಕಟ್ಟಿತು. 1976ರಲ್ಲಿ ಶುರು, 1984ರಲ್ಲಿ ಮುಗಿಯಿತು, 200 ಕೋಟಿ ಡಾಲರ್‌ಗೂ ಹೆಚ್ಚು ಖರ್ಚು. ಒಂದೇ ಒಂದು ಯೂನಿಟ್ ಕರೆಂಟ್ ಮಾರಲಿಲ್ಲ. ಆ ಸಾಲ ತೀರಿದ್ದು 2007ರಲ್ಲಿ. ಕೆನಡಾ ಮಿರಾಬೆಲ್ ವಿಮಾನ ನಿಲ್ದಾಣಕ್ಕೆ ಸಾವಿರಾರು ಎಕರೆ ಹೊಲ ಕಿತ್ತುಕೊಂಡಿತು, 1975ರಲ್ಲಿ ತೆರೆಯಿತು, 2004ಕ್ಕೆ ಪ್ರಯಾಣಿಕ ವಿಮಾನಗಳೇ ನಿಂತುಹೋದವು. ಅಮೆಜಾನ್ ಕಾಡಿನ ಬಲ್ಬಿನಾ ಅಣೆಕಟ್ಟು ಎರಡು ಸಾವಿರ ಚದರ ಕಿಲೋಮೀಟರ್‌ಗೂ ಹೆಚ್ಚು ಕಾಡು ಮುಳುಗಿಸಿ 250 ಮೆಗಾವಾಟ್ ಸಾಮರ್ಥ್ಯ ಕೊಟ್ಟಿತು. ಇದಕ್ಕೆಲ್ಲ ಯಾರು ತಲೆದಂಡ ಕೊಟ್ಟರು?

ಗಟ್ಟಿಕಲ್ಲು · 12:41

ಬಲ್ಬಿನಾ ಹೇಳ್ತೀರಿ, ಅದೇ ಬ್ರೆಜಿಲ್ ಪರಗ್ವೆ ಜೊತೆ ಕಟ್ಟಿದ ಇತೈಪು ಹೇಳಲ್ಲ. ಬಲ್ಬಿನಾಗಿಂತ ಚಿಕ್ಕ ಕೆರೆ, ಸುಮಾರು 1,350 ಚದರ ಕಿಲೋಮೀಟರ್. ಸಾಮರ್ಥ್ಯ 14,000 ಮೆಗಾವಾಟ್! ಸಾಲ 2023ಕ್ಕೆ ಪೂರ್ತಿ ತೀರಿತು. ಅಣುಶಕ್ತಿ ಬೇಕಾದರೆ ಫ್ರಾನ್ಸ್ ನೋಡಿ. 1973ರಲ್ಲಿ ಎಣ್ಣೆ ಬಿಕ್ಕಟ್ಟು, 1974ರಲ್ಲಿ ಸರ್ಕಾರದ ನಿರ್ಧಾರ, ಹದಿನೈದು ವರ್ಷದಲ್ಲಿ ಐವತ್ತಕ್ಕೂ ಹೆಚ್ಚು ರಿಯಾಕ್ಟರ್. ಇವತ್ತಿಗೂ ಆ ದೇಶದ ಕರೆಂಟಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅದರಿಂದಲೇ. ಮಾರುಕಟ್ಟೆ ಮಾಡಿದ್ದಲ್ಲ ಅದು.

ಲೆಕ್ಕದಪುಸ್ತಕ · 12:48

"ಫ್ರಾನ್ಸ್ ನೋಡಿ." ನೋಡಿದೆ. ಫ್ಲಾಮಾನ್‌ವಿಲ್ 3ನೇ ರಿಯಾಕ್ಟರ್. 2007ರಲ್ಲಿ ಶುರು, 2012ಕ್ಕೆ ಮುಗಿಯಬೇಕು, 330 ಕೋಟಿ ಯೂರೋ ಅಂದರು. ಗ್ರಿಡ್‌ಗೆ ಸೇರಿದ್ದು 2024ರ ಡಿಸೆಂಬರ್. ಖರ್ಚು ಕಂಪನಿಯ ಲೆಕ್ಕದಲ್ಲೇ 1,320 ಕೋಟಿ. ಅದೇ ದೇಶ, ಅದೇ ಸರ್ಕಾರಿ ಕಂಪನಿ.

ಫ್ರೀಕ್ವೆನ್ಸಿ50 · 1:02

ಒಂದರ ಹಿಂದೆ ಒಂದು ಕಟ್ಟುತ್ತಿದ್ದಾಗ ಕೆಲಸ ಗೊತ್ತಿದ್ದ ಕೈಗಳಿದ್ದವು. ವರ್ಷಗಟ್ಟಲೆ ಹೊಸದು ಕಟ್ಟದೆ ಸುಮ್ಮನೆ ಕೂತರು, ವೆಲ್ಡಿಂಗ್ ಮಾಡುವವನಿಂದ ಹಿಡಿದು ತಪಾಸಣೆ ಮಾಡುವವನವರೆಗೆ ಎಲ್ಲರೂ ನಿವೃತ್ತರಾದರು. ಆಮೇಲೆ ಹೊಸ ವಿನ್ಯಾಸ ತಗೊಂಡು ಒಂದೇ ಒಂದು ಕಟ್ಟೋಕೆ ಹೋದರು. ಇದು ನನ್ನ ಸೇವಾವಧಿಯಲ್ಲೇ ಕಣ್ಣಾರೆ ಕಂಡ ಪಾಠ, ಬೇರೆ ಜಾಗದಲ್ಲಿ. ಕೆಲಸ ಬಿಟ್ಟರೆ ಕೈ ಮರೆಯುತ್ತೆ.

ಮೆಕ್ಕಲುಮಣ್ಣು · 1:15

ಎಲ್ಲರೂ ಆಸ್ವಾನ್ ಬಿಟ್ಟು ಓಡಿದಿರಿ. ನಾನು ಬಿಡುವುದಿಲ್ಲ, ಯಾಕೆಂದರೆ "ಬರದಿಂದ ಉಳಿಸಿತು" ಎಂಬ ಒಂದು ವಾಕ್ಯದ ಮೇಲೆ ಎಲ್ಲ ಅಣೆಕಟ್ಟುಗಳ ಸಮರ್ಥನೆಯೂ ನಿಂತಿರುತ್ತದೆ.

1959ರಲ್ಲಿ ಈಜಿಪ್ಟ್ ಮತ್ತು ಸುಡಾನ್ ಕೂತು ನೈಲ್ ನೀರು ಹಂಚಿಕೊಂಡವು. ಈಜಿಪ್ಟಿಗೆ ವರ್ಷಕ್ಕೆ 55.5 ಶತಕೋಟಿ ಘನ ಮೀಟರ್, ಸುಡಾನಿಗೆ 18.5. ಅಣೆಕಟ್ಟಿನ ಕೆರೆಯಿಂದ ಆವಿಯಾಗಿ ಹೋಗುವುದು 10 ಅಂತ ಅಲ್ಲೇ ಬರೆದುಕೊಂಡರು. ಸುಡಾನಿನ ಪಾಲಿನ ಅರ್ಧಕ್ಕಿಂತ ಹೆಚ್ಚಿನಷ್ಟು ನೀರು ಮರುಭೂಮಿಯ ಬಿಸಿಲಿಗೆ ಹೋಗುತ್ತದೆ ಅಂತ ಗೊತ್ತಿದ್ದೇ ಕಟ್ಟಿದ್ದು! ಆ ನೀರಿನ ಬಹುಪಾಲು ಹುಟ್ಟುವ ಇಥಿಯೋಪಿಯಾವನ್ನು ಆ ಮಾತುಕತೆಗೆ ಕರೆಯಲೇ ಇಲ್ಲ. ಗಟ್ಟಿಕಲ್ಲು ಅವರು ಹಸಿವಿನಿಂದ ಸತ್ತರು ಅಂದ ಜನ ಆ ದೇಶದವರೇ.

ಗಟ್ಟಿಕಲ್ಲು · 1:22

ಆವಿ ಆಗದ ಕೆರೆ ತೋರಿಸಿ ನೋಡೋಣ. 10 ಹೋಯ್ತು, ಉಳಿದದ್ದು? ಮೊದಲು ಪ್ರವಾಹದ ನೀರು ಎಷ್ಟೋ ಪಾಲು ನೇರ ಸಮುದ್ರಕ್ಕೆ ಹೋಗ್ತಿತ್ತು. ಒಂದು ಬೆಳೆ ತೆಗೀತಿದ್ದ ಹೊಲದಲ್ಲಿ ವರ್ಷ ಪೂರ್ತಿ ನೀರು ಸಿಕ್ಕಿ ಎರಡು ಬೆಳೆ, ಮೂರು ಬೆಳೆ ಬಂತು. ಹೊಲ ಉಳೋನಿಗೆ ಕೇಳಿ.

ಮೆಕ್ಕಲುಮಣ್ಣು · 1:30

ನಾನೇ ಹೊಲ ಉಳುವವನು. ಮಣ್ಣಿನ ವಿಜ್ಞಾನ ಓದಿ ಬಂದು ಇಪ್ಪತ್ತು ವರ್ಷದಿಂದ ಉಳುತ್ತಿದ್ದೇನೆ, ಕಾಲುವೆ ಕೊನೆಯ ಜಮೀನು. ವರ್ಷ ಪೂರ್ತಿ ನೀರು ನಿಲ್ಲಿಸಿದರೆ ಏನಾಗುತ್ತದೆ ಅಂತ ನಾನು ಹೇಳುತ್ತೇನೆ. ಮೊದಲ ಐದಾರು ವರ್ಷ ಬಂಗಾರ. ಆಮೇಲೆ ಅಂತರ್ಜಲ ಮೇಲೇರುತ್ತದೆ, ಜೊತೆಗೆ ಉಪ್ಪು ಏರುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಬದುವಿನ ಪಕ್ಕ ಸುಣ್ಣ ಬಳಿದ ಹಾಗೆ ಬಿಳಿ ಪದರ. ಬೆರಳಲ್ಲಿ ತೆಗೆದು ನಾಲಿಗೆಗೆ ಇಟ್ಟರೆ ಉಪ್ಪು. ಬೀಜ ಮೊಳೆಯುವುದಿಲ್ಲ. ಈಜಿಪ್ಟ್ ಇದನ್ನು ತಡೆಯಲು ಲಕ್ಷಾಂತರ ಎಕರೆಯ ಕೆಳಗೆ ಬಸಿಗಾಲುವೆ ಕೊಳವೆ ಹೂಳಬೇಕಾಯಿತು, ಅದಕ್ಕೆ ಬೇರೆ ಸಾಲ. ಮಧ್ಯ ಏಷ್ಯಾದ ಅರಾಲ್ ಸಮುದ್ರ ಬತ್ತಿದ್ದೂ ಹತ್ತಿಗೆ ನೀರು ಹರಿಸುವ ಸರ್ಕಾರಿ ಮಹಾಯೋಜನೆಯಿಂದಲೇ. ಮುಯ್ನಾಕ್ ಎಂಬ ಬಂದರಿನಲ್ಲಿ ಹಡಗುಗಳು ಮರಳಿನ ಮೇಲೆ ನಿಂತಿವೆ.

ಗಟ್ಟಿಕಲ್ಲು · 1:38

ಆಸ್ವಾನ್ ಕೇಳಿದರೆ ಅರಾಲ್‌ಗೆ ಹಾರಿದಿರಿ. ಈಗ ಓಡಿದ್ದು ಯಾರು? ನೇರ ಪ್ರಶ್ನೆ, ಹೌದು ಅಥವಾ ಇಲ್ಲ ಅಂತ ಹೇಳಿ. 1984ರಿಂದ 88ರವರೆಗೆ ಆ ಕೆರೆಯ ನೀರು ಈಜಿಪ್ಟನ್ನು ಉಳಿಸಿತೋ ಇಲ್ಲವೋ?

ಮೆಕ್ಕಲುಮಣ್ಣು · 1:46

1988ರ ಜುಲೈ ಅಂತ ಸರಿಯಾಗಿ ಹೇಳಿ. ಕೆರೆಯ ಮಟ್ಟ 150 ಮೀಟರ್ ಹತ್ತಿರಕ್ಕೆ ಇಳಿದಿತ್ತು. 147ಕ್ಕೆ ಬಂದರೆ ಟರ್ಬೈನ್ ನಿಲ್ಲಿಸಬೇಕು. ಅಣೆಕಟ್ಟಿನ ಲೆಕ್ಕ ಅಲ್ಲಿಗೆ ಮುಗಿಯುತ್ತಿತ್ತು. ಆಗಸ್ಟಿನಲ್ಲಿ ಇಥಿಯೋಪಿಯಾದ ಬೆಟ್ಟಗಳಲ್ಲಿ ಭಾರೀ ಮಳೆ ಸುರಿಯಿತು, ಸುಡಾನಿನ ಖಾರ್ಟೂಮ್ ನಗರ ಮುಳುಗಿತು, ಕೆರೆಯ ಮಟ್ಟ ಮತ್ತೆ ಏರಿತು. ಉಳಿಸಿದ್ದು ಮಳೆ.

ಫ್ರೀಕ್ವೆನ್ಸಿ50 · 1:59

ಇದು ಸರಿಯಾದ ಓದು ಅಲ್ಲ. ಮಳೆ ಬರೋವರೆಗೂ ಅಷ್ಟು ವರ್ಷ ತಳ್ಳಿದ್ದು ಯಾವ ನೀರು? ಖಾಲಿಯಾಗುವ ಹತ್ತಿರ ಬಂತು ಅಂದರೆ ಅಷ್ಟೂ ಬಳಕೆಗೆ ಬಂತು ಅಂತ ಅರ್ಥ. ಬರಕ್ಕೆ ಅಂತ ಇಟ್ಟ ಕಣಜ ಬರದಲ್ಲೇ ಬರಿದಾಗಬೇಕು. ತುಂಬಿಕೊಂಡೇ ಇದ್ದಿದ್ದರೆ ಅದು ಹೆಚ್ಚು ದೊಡ್ಡದಾಗಿ ಕಟ್ಟಿದ್ದು ಅಂತ ನೀವೇ ಬೈಯುತ್ತಿದ್ದಿರಿ. ಖಾರ್ಟೂಮ್ ಮುಳುಗಿಸಿದ ಆ ಪ್ರವಾಹ ಕೆಳಗಿನ ಈಜಿಪ್ಟನ್ನು ಮುಳುಗಿಸಲಿಲ್ಲ, ಅದೂ ಆ ಅಣೆಕಟ್ಟಿನಿಂದಲೇ.

ಮೆಕ್ಕಲುಮಣ್ಣು · 2:07

ಕಣಜ ಅಂದಿರಿ, ಒಳ್ಳೆಯ ಮಾತು. ಆದರೆ ಕಣಜ ಕಟ್ಟಲು ಹೊಲದ ಮಣ್ಣನ್ನೇ ತೆಗೆದರೆ ಮುಂದಿನ ವರ್ಷ ಅದರೊಳಗೆ ಏನು ತುಂಬುತ್ತೀರಿ?

ಲೆಕ್ಕದಪುಸ್ತಕ · 2:10

ಈ ಕಣಜದ ಮಾತು ಬಿಟ್ಟು ಯಾರಾದರೂ ವೆಚ್ಚದ ಮಾತಾಡುತ್ತೀರಾ? 96% ಬಗ್ಗೆ ನಾನು ಕೇಳಿದ್ದಕ್ಕೆ ಉತ್ತರ ಬಂದಿಲ್ಲ.

ಗಟ್ಟಿಕಲ್ಲು · 2:12

ಉತ್ತರ ಬೆಳಿಗ್ಗೆಯೇ ಕೊಟ್ಟೆ. 27. ಓದಿ.

ಲೆಕ್ಕದಪುಸ್ತಕ · 2:20

27 ಅಂದರೆ ಸರಿಯಾಗಿ ನಡುವೆ ನಿಂತ ಅಣೆಕಟ್ಟಿನ ವೆಚ್ಚ ಏರಿಕೆ. ದುಡ್ಡು ಕಟ್ಟುವವನು ನಡುವಿನ ಅಣೆಕಟ್ಟಿಗೆ ಕಟ್ಟುವುದಿಲ್ಲ, ತನಗೆ ಸಿಕ್ಕಿದ ಅಣೆಕಟ್ಟಿಗೆ ಕಟ್ಟುತ್ತಾನೆ. ಅದೇ ಅಧ್ಯಯನದಲ್ಲಿ ಹತ್ತರಲ್ಲಿ ಎರಡರ ವೆಚ್ಚ ದುಪ್ಪಟ್ಟಿಗೂ ಮೀರಿದೆ, ಹತ್ತರಲ್ಲಿ ಒಂದರದ್ದು ಮೂರು ಪಟ್ಟಿಗೂ ಮೀರಿದೆ. ಬಡ ದೇಶವೊಂದು ತನ್ನ ಉಳಿತಾಯವನ್ನೆಲ್ಲ ಸುರಿದು ಕಟ್ಟುವುದು ಒಂದೇ ಯೋಜನೆ. ಆ ಹತ್ತನೆಯದು ಅದರ ಪಾಲಿಗೆ ಬಂದರೆ ಸರಾಸರಿಯೂ ಮಧ್ಯಾಂಕವೂ ಅದನ್ನು ಕಾಪಾಡುವುದಿಲ್ಲ. ಒಂದು ತಲೆಮಾರಿನ ಸಾಲ.

ಗಟ್ಟಿಕಲ್ಲು · 2:27

ಹತ್ತರಲ್ಲಿ ಎರಡು ಅಂದರೆ ಉಳಿದ ಎಂಟರಲ್ಲಿ ದುಪ್ಪಟ್ಟು ಆಗಲಿಲ್ಲ ಅಂತ ನೀವೇ ಒಪ್ಪಿದ ಹಾಗಾಯ್ತು. ಹೆದರಿಕೊಂಡು ಕೂತರೆ ಏನೂ ಆಗಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 1953ರಲ್ಲಿ ಸಮುದ್ರ ನುಗ್ಗಿ ಒಂದೇ ರಾತ್ರಿ 1,836 ಜನ ಸತ್ತರು. ಸರ್ಕಾರ ಎದ್ದು ನಿಂತು ಸಮುದ್ರ ತಡೆಯೋ ಕಟ್ಟೆಗಳ ಸಾಲು, ಡೆಲ್ಟಾ ವರ್ಕ್ಸ್, ಕಟ್ಟಿತು. ಲೆಕ್ಕದಪುಸ್ತಕ ಹಿಡಿದುಕೊಂಡು ಕೂತಿದ್ದರೆ ಮತ್ತೊಂದು ರಾತ್ರಿ ಬರುತ್ತಿತ್ತು. ವಿರೋಧ ಮಾಡುವವರ ಮಾತು ಕೇಳಿ ಯಾವ ದೇಶವೂ ಉದ್ಧಾರ ಆಗಿಲ್ಲ.

ಮುಳುಗಡೆಮನೆ · 2:40

"ವಿರೋಧ ಮಾಡುವವರ ಮಾತು ಕೇಳಿ" ಅಂದಿರಲ್ಲ, ನೀವು ಹೇಳಿದ ಯೋಜನೆಯಲ್ಲೇ ಕೇಳಿದ್ದಾರೆ. ಓಸ್ಟರ್‌ಸ್ಖೆಲ್ಡೆ ಅನ್ನೋ ಅಳಿವೆಯನ್ನು ಪೂರ್ತಿ ಮುಚ್ಚಿ ಬಿಡೋದು ಅಂತ ಮೂಲ ಯೋಜನೆ ಇತ್ತು. ಮುಚ್ಚಿದರೆ ಉಬ್ಬರ ಇಳಿತ ನಿಲ್ಲುತ್ತೆ, ಸಿಂಪಿ ಸಾಯುತ್ತೆ, ನಮ್ಮ ಜೀವನ ಹೋಗುತ್ತೆ ಅಂತ ಮೀನುಗಾರರು, ಪರಿಸರದವರು 1970ರ ದಶಕದಲ್ಲಿ ಬೀದಿಗೆ ಇಳಿದರು. ಸರ್ಕಾರ ಕೆಲಸ ನಡೆಯುತ್ತಿರುವಾಗಲೇ ವಿನ್ಯಾಸ ಬದಲಿಸಿತು. 62 ದೊಡ್ಡ ಉಕ್ಕಿನ ಬಾಗಿಲು ಇಟ್ಟರು. ದಿನಾ ತೆರೆದಿರುತ್ತೆ, ಸಮುದ್ರ ಕೆರಳಿದಾಗ ಮಾತ್ರ ಇಳಿಸ್ತಾರೆ. 1986ರಲ್ಲಿ ಮುಗೀತು. ದುಡ್ಡು ಹೆಚ್ಚು ಹೋಯ್ತು, ಹೌದು. ಇವತ್ತು ನೀವು ಕೈ ತೋರಿಸಿ ಹೊಗಳೋದು ಆ ಬಾಗಿಲುಗಳನ್ನೇ.

ನಮ್ಮನ್ನು ಆ ಮೀನುಗಾರರ ಹಾಗೆ ಯಾರಾದರೂ ಒಂದು ಸಲ ಕೂರಿಸಿ ಕೇಳಿದ್ದರೆ! ನೋಟಿಸ್ ಬಂತು, ಸರ್ವೆ ನಂಬರ್ ಬಂತು, ಆಮೇಲೆ ನೀರು ಬಂತು.

ಗಟ್ಟಿಕಲ್ಲು · 2:49

ದುಡ್ಡು ಹೆಚ್ಚು ಹೋಯ್ತು ಅಂತ ನೀವೂ ಹೇಳಿದಿರಿ. ಲೆಕ್ಕದಪುಸ್ತಕದವರು ಅದಕ್ಕೇನಂತಾರೋ.

ಲೆಕ್ಕದಪುಸ್ತಕ · 2:55

ಅದು ಜನ ಕೇಳಿ ಪಡೆದ ಹೆಚ್ಚುವರಿ ಖರ್ಚು. ನಾನು ಹೇಳುತ್ತಿರುವುದು ಜನರಿಂದ ಮುಚ್ಚಿಟ್ಟ ಹೆಚ್ಚುವರಿ ಖರ್ಚು. ಎರಡೂ ಒಂದೇ ಅಲ್ಲ.

ಫ್ರೀಕ್ವೆನ್ಸಿ50 · 3:20

ಮೇಡಂ, ಬಾಗಿಲ ಚೌಕಟ್ಟಿನ ಮಾತು ಓದಿದಾಗಿಂದ ಮನಸ್ಸಿಗೆ ಸಮಾಧಾನ ಇಲ್ಲ. ನಾನು ಫೋನಲ್ಲಿ "ಯೂನಿಟ್ ತಗೊಳ್ಳಿ" ಅಂತಿದ್ದಾಗ ಆ ನೀರಿನ ಕೆಳಗೆ ಯಾರ ಹೊಸ್ತಿಲಿದೆ ಅಂತ ಒಂದು ದಿನವೂ ಯೋಚಿಸಿದವನಲ್ಲ. ಆದರೂ ಹೇಳ್ತೀನಿ, ಆ ಯೂನಿಟ್ ಬೇಕಿತ್ತು. ಅದಿಲ್ಲದೆ ಆ ಸಂಜೆಗಳನ್ನು ದಾಟೋಕೆ ಆಗ್ತಿರಲಿಲ್ಲ. ಈ ಮಾತನ್ನು ಹಿಂದಕ್ಕೆ ತಗೊಳ್ಳಲ್ಲ.

ಮುಳುಗಡೆಮನೆ · 3:26

ತಗೋಬೇಡಿ. ಬೇಕಿತ್ತು ಅನ್ನೋದನ್ನ ನಾನೂ ಅಲ್ಲಗಳೆದಿಲ್ಲ. ಒಂಬತ್ತು ವರ್ಷ ಯಾಕೆ ಅನ್ನೋದು ನನ್ನ ಪ್ರಶ್ನೆ. ಅದಕ್ಕೆ ಉತ್ತರ ನಿಮ್ಮ ಹತ್ತಿರವೂ ಇಲ್ಲ.

ತಾಮ್ರದತಂತಿ · 3:45

ಆ ಒಂಬತ್ತು ವರ್ಷಕ್ಕೆ ಉತ್ತರ ಇದೆ ಅನ್ನಿಸುತ್ತೆ. 1930ರ ದಶಕದ ಮಧ್ಯದಲ್ಲಿ ಅಮೆರಿಕದ ನಗರಗಳಲ್ಲಿ ಹತ್ತು ಮನೆಗೆ ಒಂಬತ್ತರಲ್ಲಿ ಕರೆಂಟ್ ಇತ್ತು. ಹೊಲಮನೆಗಳಲ್ಲಿ ಹತ್ತಕ್ಕೆ ಒಂದರಲ್ಲಿ. ಖಾಸಗಿ ಕಂಪನಿಗಳು ಅಷ್ಟು ದೂರ ಲೈನ್ ಎಳೆದರೆ ಗಿಟ್ಟುವುದಿಲ್ಲ ಅಂದಿದ್ದವು. 1936ರಲ್ಲಿ ಗ್ರಾಮೀಣ ವಿದ್ಯುದೀಕರಣದ ಕಾನೂನು ಬಂತು. ಸರ್ಕಾರ ಕಡಿಮೆ ಬಡ್ಡಿಗೆ ಸಾಲ ಕೊಟ್ಟಿತು, ರೈತರು ಸಹಕಾರ ಸಂಘ ಕಟ್ಟಿಕೊಂಡು ತಾವೇ ಕಂಬ ನೆಟ್ಟರು. ಎರಡು ದಶಕದೊಳಗೆ ಹೆಚ್ಚುಕಡಿಮೆ ಎಲ್ಲ ಹೊಲಮನೆಗೂ ದೀಪ ಬಂತು.

ಅದೂ ಸರ್ಕಾರದ ಮಹಾಯೋಜನೆಯೇ. ಆದರೆ ಅದನ್ನು ಗೋಡೆಯ ಎತ್ತರದಲ್ಲಿ ಅಳೆಯಲಿಲ್ಲ, ದೀಪ ಹತ್ತಿದ ಮನೆಗಳಲ್ಲಿ ಅಳೆದರು. ಇಥಿಯೋಪಿಯಾದಲ್ಲಿ 5,150 ಅನ್ನೋ ಅಂಕಿಯ ಪಕ್ಕ ಇನ್ನೊಂದು ಅಂಕಿ ಬರೀಬೇಕು, ಈ ವರ್ಷ ಎಷ್ಟು ಮನೆಗೆ ಮೀಟರ್ ಕೂತಿತು ಅಂತ. ಮುಂದಿನ ಅಣೆಕಟ್ಟಿಗೆ ದುಡ್ಡು ಕೇಳೋ ಮುಂಚೆ ಆ ಎರಡನೆಯ ಅಂಕಿ ತೋರಿಸಲಿ.

ಗಟ್ಟಿಕಲ್ಲು · 3:52

"ಅದೂ ಸರ್ಕಾರದ ಮಹಾಯೋಜನೆಯೇ." ಬೆಳಿಗ್ಗೆಯಿಂದ ನಾನು ಹೇಳ್ತಿರೋದು ಅದನ್ನೇ. ಕೊನೆಗೂ ಒಪ್ಪಿದಿರಿ.

ತಾಮ್ರದತಂತಿ · 3:54

ವಾಕ್ಯದ ಉಳಿದ ಭಾಗವನ್ನೂ ಓದಿ.

ಲೆಕ್ಕದಪುಸ್ತಕ · 4:10

ಬೆಳಿಗ್ಗೆಯ ನನ್ನ ಪೋಸ್ಟಿಗೆ ಒಂದು ತಿದ್ದುಪಡಿ. "96% ಹೆಚ್ಚು" ಅನ್ನುವ ಕಡೆ "ಸರಾಸರಿ 96%, ಮಧ್ಯಾಂಕ 27%" ಅಂತ ಓದಿಕೊಳ್ಳಿ. ಬೇರೆ ಏನನ್ನೂ ಬದಲಿಸಿಲ್ಲ, ಬದಲಿಸುವುದೂ ಇಲ್ಲ.

ಮೆಕ್ಕಲುಮಣ್ಣು · 4:31

ಗಟ್ಟಿಕಲ್ಲು ಅವರೇ, ಇಟ್ಟಿಗೆಯ ಪ್ರಶ್ನೆ ಇನ್ನೂ ಹಾಗೇ ಇದೆ. ಸಂಜೆ ಹೊಲದಿಂದ ಬಂದು ನೋಡುತ್ತೇನೆ.